ಮೊಣಕೈಯಿಂದ ಎಲೆಯ ತುದಿಗೆ

ಬಲಗೈ ಮೊಣಕೈಯಲ್ಲಿ ಮಡಚಿಕೊಂಡು ನಿಂತುಬಿಟ್ಟರೆ ಮನುಷ್ಯನಿಗೆ ಏನೇನು ಎಟಕುತ್ತದೆ, ಏನೇನು ಎಟಕುವುದಿಲ್ಲ ಎಂಬುದು ನನಗೆ ಈಗ ಚೆನ್ನಾಗಿ ಗೊತ್ತು. ಬಾಯಿ ಎಟಕುತ್ತದೆ. ಮೂಗು, ಕನ್ನಡಕ, ಅಂಗಿಯ ಮೇಲಿನ ಗುಂಡಿ ಎಟಕುತ್ತವೆ. ಪ್ಯಾಂಟಿನ ಜೇಬು ಎಟಕುವುದಿಲ್ಲ. ಬಸ್ಸಿನ ಮೇಲಿನ ಕಂಬಿ ಎಟಕುವುದಿಲ್ಲ. ಯಾರಾದರೂ ಕೈ ಕುಲುಕಲು ಬಂದರೆ ಅವರು ಇನ್ನೊಂದು ಹೆಜ್ಜೆ ಹತ್ತಿರ ಬರಬೇಕು, ಬಂದ ಮೇಲೆ ಇಬ್ಬರಿಗೂ ಮುಜುಗರ. ಎಲೆ ಊಟಕ್ಕೆ ಕೂತರೆ ಅನ್ನ, ಪಲ್ಯ ಎಟಕುತ್ತವೆ. ಎಲೆಯ ಆಚೆ ತುದಿಯಲ್ಲಿ ಬಡಿಸಿದ ಉಪ್ಪಿನಕಾಯಿ, ಕೋಸಂಬರಿ ಎಟಕುವುದಿಲ್ಲ. ಬಗ್ಗಿದರೆ ಸಿಗುತ್ತವೆ ನಿಜ. ಆದರೆ ಅಷ್ಟು ಬಗ್ಗಿದರೆ ಗಡ್ಡ ಸಾರಿಗೆ ತಾಗುತ್ತದೆ.

ನಾನು ತುಮಕೂರಿನ ಒಂದು ದಿನಪತ್ರಿಕೆಯಲ್ಲಿ ವರದಿಗಾರ. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕು ನನ್ನ ಪಾಲಿನವು. ಮನೆ ತುಮಕೂರಿನಲ್ಲೇ, ಉಪ್ಪಾರಹಳ್ಳಿ ಬಡಾವಣೆಯಲ್ಲಿ. ಹಾಗೆ ನೋಡಿದರೆ ನನ್ನ ಕಚೇರಿ ನನ್ನ ಬೈಕು. ಬೆಳಿಗ್ಗೆ ಗುಬ್ಬಿ, ಮಧ್ಯಾಹ್ನ ಹುಲಿಯೂರುದುರ್ಗ ಎಂದು ಓಡಾಡಿದರೆ ಮಾತ್ರ ಸಂಜೆ ಬರೆಯಲು ಏನಾದರೂ ಇರುತ್ತದೆ. ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಬಿಗಿದು ಕೀಲನ್ನು ಹಿಡಿದುಕೊಳ್ಳುವುದು, ಅದನ್ನು ಕುಯ್ದು ಬಿಡಿಸಿ ಬೇರೆ ಕಡೆಯ ಚರ್ಮ ಹಾಕುವುದು, ಇದರ ಬಗ್ಗೆ ಫೋನಿನಲ್ಲಿ ಹುಡುಕಿದಾಗ ನನಗೆ ಸಿಕ್ಕಿದ್ದು ಬರೀ ಫೋಟೋಗಳು. ಆಪರೇಷನ್‌ಗೆ ಮುಂಚೆ ಒಂದು, ಆದ ಮೇಲೆ ಒಂದು. ನಡುವೆ ಏನಾಗುತ್ತದೆ ಎಂದು ಯಾರೂ ಬರೆದಿರಲಿಲ್ಲ. ಆ ನಡುವಿನದ್ದನ್ನು ಇಲ್ಲಿ ಬರೆದಿದ್ದೇನೆ.

ದೀಪಾವಳಿಗೆ ಅಳಿಯನನ್ನು ಕರೆಯುವುದು ನಮ್ಮ ಕಡೆಯ ಪದ್ಧತಿ. ಮದುವೆಯಾಗಿ ಎಷ್ಟು ವರ್ಷವಾದರೂ ಗುಬ್ಬಿಯ ನಮ್ಮತ್ತೆ ಗೌರಮ್ಮ ಆ ಕರೆಯನ್ನು ಒಂದು ಸಲವೂ ತಪ್ಪಿಸಿದವರಲ್ಲ. ಆ ವರ್ಷ ಹಬ್ಬದ ಹಿಂದಿನ ದಿನ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ಕಜ್ಜಾಯಕ್ಕೆ ಬೆಲ್ಲದ ಪಾಕ ಇಟ್ಟಿದ್ದರು. ಪಾಕ ಹದಕ್ಕೆ ಬಂತೇ ಎಂದು ನೋಡಲು ಒಂದು ತೊಟ್ಟನ್ನು ಬಟ್ಟಲಿನ ನೀರಿಗೆ ಬಿಡುತ್ತಾರೆ. ಅದು ಕರಗದೆ ಬೆರಳಿಗೆ ಮೆತ್ತಗಿನ ಉಂಡೆಯಾಗಿ ಸಿಕ್ಕರೆ ಹದ. ನನಗೆ ಅದನ್ನು ನೋಡಬೇಕಿತ್ತು. ಎಲ್ಲಿ ಏನು ನಡೆಯುತ್ತಿದ್ದರೂ ಹೋಗಿ ಪಕ್ಕದಲ್ಲಿ ನಿಲ್ಲುವುದು ಕಸುಬಿನಿಂದ ಅಂಟಿದ ಚಾಳಿ.

"ಅಳಿಯಂದಿರು ಒಲೆ ಮುಂದೆ ಬರಬಾರದು. ಹೋಗಿ ಕೂತ್ಕಳಿ ಒಳಗೆ," ಅಂದರು ಅತ್ತೆ.

"ಹಿಟ್ಟು ಹಾಕೋವಾಗ ಪಾತ್ರೆ ಹಿಡ್ಕೊಳೋಕೆ ಒಬ್ಬರು ಬೇಕಲ್ಲ ಅತ್ತೆ."

ಬೇಕಿತ್ತು. ಅಕ್ಕಿಹಿಟ್ಟು ಸುರಿದು ತಿರುವುವಾಗ ಪಾತ್ರೆ ಅಲುಗಾಡದಂತೆ ಇನ್ನೊಬ್ಬರು ಇಕ್ಕಳದಲ್ಲಿ ಹಿಡಿದಿರಬೇಕು. ತುಂಬುತೋಳಿನ ಅಂಗಿಯನ್ನು ಮೊಣಕೈವರೆಗೆ ಮಡಚಿ ನಾನು ಹಿಡಿದೆ. ಅತ್ತೆ ಬಲವಾಗಿ ಸೌಟು ತಿರುವಿದರು. ಒಂದು ಕಲ್ಲು ಜರುಗಿತು. ಪಾತ್ರೆ ನನ್ನ ಕಡೆಗೆ ವಾಲಿತು.

ಕುದಿಯುವ ನೀರಾದರೆ ಹರಿದು ಹೋಗುತ್ತದೆ. ಬೆಲ್ಲದ ಪಾಕ ಹೋಗುವುದಿಲ್ಲ, ಬಿದ್ದಲ್ಲೇ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಮಡಚಿದ ತೋಳಿನ ಪದರದೊಳಗೆ ಅದು ತುಂಬಿಕೊಂಡು ಮೊಣಕೈಯ ಒಳಮಡಿಕೆಯಲ್ಲಿ ಕೂತಿತು. ಅಂಗಿ ಎಳೆದಾಗ ಚರ್ಮವೂ ಜೊತೆಗೆ ಬಂತು. "ನೀರು ಹಾಕ್ಬೇಡಿ, ಬೊಬ್ಬೆ ಏಳ್ತವೆ!" ಎಂದು ಪಕ್ಕದ ಮನೆಯಿಂದ ಯಾರೋ ಕೂಗಿದರು. ದೋಸೆ ಹಿಟ್ಟು ತಂದು ಬಳಿದರು. ತಣ್ಣೀರು ಹಾಕಬೇಕಿತ್ತು, ಅದೂ ತಕ್ಷಣ, ತುಂಬಾ ಹೊತ್ತು, ಅಂಗಿ ಎಳೆಯುವ ಮೊದಲೇ ಎಂದು ಆಮೇಲೆ ಆಸ್ಪತ್ರೆಯಲ್ಲಿ ಕೇಳಿ ತಿಳಿದೆ. ಓದುವವರು ಬೇರೇನು ಮರೆತರೂ ಇದನ್ನು ಮರೆಯದಿದ್ದರೆ ಸಾಕು.

ಹಬ್ಬಕ್ಕೆ ಕರೆದು ಅಳಿಯನ ಕೈ ಸುಟ್ಟರಂತೆ ಎಂಬ ಮಾತು ಬೀದಿಯಲ್ಲಿ ಹುಟ್ಟಿತು. ನಮ್ಮ ಪತ್ರಿಕೆಗಿಂತ ಬೇಗ ಅದು ಗುಬ್ಬಿಯ ಎಲ್ಲ ಮನೆಗೂ ತಲುಪಿತು. ಅತ್ತೆ ಅದನ್ನು ಕೇಳಿಸಿಕೊಂಡು ಒಂದೇ ತೀರ್ಮಾನ ಮಾಡಿದರು: ವಾಸಿಯಾಗುವವರೆಗೆ ನನ್ನನ್ನು ತುಮಕೂರಿಗೆ ಕಳಿಸುವುದಿಲ್ಲ. ನನ್ನ ಹೆಂಡತಿ ವೀಣಾ ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾಳೆ. ಅವಳು ಗುಬ್ಬಿಯಿಂದಲೇ ಬಸ್ಸಿನಲ್ಲಿ ಹೋಗಿ ಬರಲು ಶುರು ಮಾಡಿದಳು. ನಾನು ಅತ್ತೆಯ ವಶವಾದೆ.

ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡಿದವರು ಕೈಯನ್ನು ನೇರ ಮಾಡಿ, ಕೆಳಗೆ ಒಂದು ಗಟ್ಟಿ ಪಟ್ಟಿ ಇಟ್ಟು ಕಟ್ಟಿ ಕಳಿಸಿದ್ದರು. ನೇರ ಇಟ್ಟುಕೊಳ್ಳಿ ಎಂದರು, ಯಾಕೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಸ್ಥಿತಿಯಲ್ಲಿರಲಿಲ್ಲ. ಮನೆಗೆ ಬಂದು ಒಂದು ತಾಸಿಗೆ ನಾನು ನರಳುವುದನ್ನು ನೋಡಲಾರದೆ ಅತ್ತೆ ಆ ಪಟ್ಟಿ ಬಿಚ್ಚಿದರು.

"ಎಂಥ ಕಟುಕರಪ್ಪ, ಸುಟ್ಟಿರೋ ಕೈನ ಹಿಂಗಾ ಹಲಗೆಗೆ ಕಟ್ಟೋದು?"

ಬಿಚ್ಚಿದ ಕೂಡಲೇ ಕೈ ತಾನಾಗಿ ಮಡಚಿಕೊಂಡು ಎದೆಯ ಮೇಲೆ ಬಂತು. ನೋವು ಅರ್ಧಕ್ಕಿಳಿಯಿತು. ಅತ್ತೆ ಬೂರುಗದ ಹತ್ತಿ ತುಂಬಿ, ತಮ್ಮ ಹಳೆಯ ಸೀರೆಯ ಬಟ್ಟೆ ಹೊದಿಸಿ, ಒಂದು ಪುಟ್ಟ ದಿಂಬು ಹೊಲಿದರು. ಅದನ್ನು ಮೊಣಕೈ ಕೆಳಗೆ ಕೊಟ್ಟು, ಅದೇ ಸೀರೆಯ ಇನ್ನೊಂದು ತುಂಡಿನಲ್ಲಿ ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿದರು. ನೀರು ಬೇಕೆಂದರೆ ಲೋಟ ತುಟಿಗೆ ಬರುತ್ತಿತ್ತು. ಮುದ್ದೆ ತುತ್ತು ಮಾಡಿ, ಸಾರಿನಲ್ಲಿ ಅದ್ದಿ, ಬಾಯಿಗೆ ಇಡುತ್ತಿದ್ದರು. ಮೊದಮೊದಲು ನಾಚಿಕೆಯಾಯಿತು. ಆಮೇಲೆ ರೂಢಿಯಾಯಿತು. ಇನ್ನೂ ಆಮೇಲೆ, ನಿಜ ಹೇಳಬೇಕೆಂದರೆ, ಇಷ್ಟವೇ ಆಯಿತು.

ಗಾಯ ಕೀವಾಗದೆ ಮಾಗಿತು. ಎಲ್ಲರೂ ದೇವರಿಗೆ ಕೈ ಮುಗಿದರು. ಕೈ ಮುಗಿಯಲು ಬೇಕಾದ ಭಂಗಿಯಲ್ಲೇ ನನ್ನ ಕೈ ಇತ್ತು. ಆದರೆ ಮುಗಿದ ಮೇಲೆ ಕೆಳಗಿಳಿಯಲಿಲ್ಲ.

ಮೊಣಕೈಯ ಒಳಗೆ ಕೆಂಪಗೆ, ಹುರಿ ಮಾಡಿದ ಹಗ್ಗದಂಥದ್ದೊಂದು ಎದ್ದಿತ್ತು. ಮೇಲುತೋಳಿನಿಂದ ಮುಂಗೈಗೆ ಅದನ್ನು ಬಿಗಿದು ಕಟ್ಟಿದ ಹಾಗೆ. ಕೈ ಬಿಡಿಸಲು ಹೋದರೆ ಆ ಹಗ್ಗ ಬಿಳಿಚಿಕೊಂಡು ನಿಲ್ಲುತ್ತಿತ್ತು. ದಿನ ಹೋದಂತೆ ಸಡಿಲವಾಗುತ್ತದೆ ಎಂದುಕೊಂಡೆವು. ದಿನ ಹೋದಂತೆ ಇನ್ನಷ್ಟು ಬಿಗಿಯಾಯಿತು. ಕೊನೆಗೆ ಬಡಗಿಯ ಮೂಲೆಮಟ್ಟದ ಹಾಗೆ ನಿಂತಿತು.

ಉಪ್ಪಾರಹಳ್ಳಿಗೆ ವಾಪಸ್ ಬಂದ ಮೇಲೆ ಒಂದು ಬೆಳಿಗ್ಗೆ ಬೈಕು ಹತ್ತಿ ನೋಡಿದೆ. ಎಡಗೈ ಹ್ಯಾಂಡಲ್ ಹಿಡಿಯಿತು. ಬಲಗೈ ಎಕ್ಸಲರೇಟರಿಗೆ ತಲುಪಬೇಕಾದರೆ ಎದೆಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಇಡಬೇಕಿತ್ತು. ನನ್ನನ್ನು ಕಚೇರಿಗೆ ಕರೆದೊಯ್ಯಲು ಬಂದಿದ್ದ ರಾಜಣ್ಣ ಗೇಟಿನಲ್ಲಿ ನಿಂತು ನೋಡುತ್ತಿದ್ದ. ನಮ್ಮ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನು, ಹಳೆಯ ಗೆಳೆಯ.

"ಏನ್ಲಾ, ಬೈಕ್ ಓಡಿಸ್ತೀಯೋ ಇಲ್ಲಾ ಅದರ ಮೇಲೆ ಮಲಗ್ತೀಯೋ?"

ನಾನು ನಗಲಿಲ್ಲ. ಅವನೂ ಆಮೇಲೆ ನಗಲಿಲ್ಲ. ಸಂಪಾದಕರು ಗುಬ್ಬಿ, ಕುಣಿಗಲ್ ಎರಡನ್ನೂ ಬೇರೆಯವರಿಗೆ ಕೊಟ್ಟು ನನ್ನನ್ನು ಡೆಸ್ಕಿಗೆ ಹಾಕಿದರು. "ಕೈ ಸರಿಹೋಗೋವರೆಗೆ ಮಾತ್ರ," ಅಂದರು. ಸರಿಹೋಗದಿದ್ದರೆ ಏನು ಎಂದು ನಾನು ಕೇಳಲಿಲ್ಲ. ಬೇರೆಯವರು ನೋಡಿ ಬಂದದ್ದನ್ನು ತಿದ್ದುತ್ತ ಕೂರುವುದು ನನಗೆ ಆಗುವ ಕೆಲಸವಲ್ಲ ಎಂಬುದು ಒಂದೇ ವಾರದಲ್ಲಿ ಗೊತ್ತಾಯಿತು. ಕೈ ತೆರೆದರೆ ನನ್ನ ಕೆಲಸ ನನಗೆ, ಇಲ್ಲದಿದ್ದರೆ ಇಲ್ಲ.

ಗಾಯದ ಕಲೆ ಸ್ವಲ್ಪ ಹಳೆಯದಾಗಿ, ಕೆಂಪು ಇಳಿದ ಮೇಲೆ ನಗರದ ಒಂದು ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಂಡೆವು. "ಹೆಂಗೂ ಹೋಗ್ತಿದೀಯ, ಮೂಗೂ ಒಂದ್ ಸ್ವಲ್ಪ ಸರಿ ಮಾಡಿಸ್ಕೊಂಡ್ ಬಾ," ಎಂದು ರಾಜಣ್ಣ ಹೇಳಿ ಕಳಿಸಿದ್ದ. ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಮಾತು ಕಡಿಮೆ. ಕೈಯನ್ನು ತಿರುಗಿಸಿ, ಒತ್ತಿ, ಎಕ್ಸ್‌ರೇ ನೋಡಿ, ಮೂಳೆಗೇನೂ ಆಗಿಲ್ಲ ಎಂದರು. ಆಮೇಲೆ ಕೇಳಿದರು:

"ಸುಟ್ಟ ಮೇಲೆ ಕೈ ಹೇಗೆ ಇಟ್ಕೊಂಡಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. ಗುಬ್ಬಿಯಿಂದ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿದ್ದರು. ತಮ್ಮ ಕೈಯನ್ನೇ ಮಡಚಿ ಎದೆಗೆ ಆನಿಸಿಕೊಂಡು, ಇನ್ನೊಂದು ಕೈಯನ್ನು ದಿಂಬಿನಂತೆ ಕೆಳಗೆ ಕೊಟ್ಟು ತೋರಿಸಿದರು. "ಹಿಂಗೆ ಮೇಡಂ. ಒಂದು ಗಳಿಗೇನೂ ಅಲ್ಲಾಡ್ಸಕ್ಕೆ ಬುಡಲಿಲ್ಲ. ಮಗು ನೋಡ್ಕಂಡಂಗೆ ನೋಡ್ಕಂಡೆ."

ಆ ದನಿಯಲ್ಲಿ ಹೆಮ್ಮೆಯಿತ್ತು. ವೀಣಾ ಕಿಟಕಿ ಕಡೆ ನೋಡಿದಳು. ಅವಳಿಗೆ ಅಷ್ಟರಲ್ಲೇ ಅರ್ಥವಾಗಿತ್ತು. ಡಾಕ್ಟರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದರು.

"ಅಮ್ಮ, ನೀವು ಚೆನ್ನಾಗಿ ನೋಡ್ಕೊಂಡಿದೀರ. ಗಾಯ ಕೀವಾಗ್ದೆ ಮಾಗಿದ್ದು ನಿಮ್ಮಿಂದ. ಆದ್ರೆ ಸುಟ್ಟ ಗಾಯಕ್ಕೆ ಒಂದು ಗುಣ ಇದೆ. ಯಾವ ಭಂಗೀಲಿ ಕೈಗೆ ಹಾಯಾಗಿರುತ್ತೋ, ಮಾಗ್ತಾ ಮಾಗ್ತಾ ಅದೇ ಭಂಗೀಲಿ ಕೈನ ಕಟ್ಟಾಕಿಬಿಡುತ್ತೆ."

ಅತ್ತೆಯ ಕೈ ಇನ್ನೂ ಎದೆಯ ಮೇಲೇ ಇತ್ತು. ನಿಧಾನವಾಗಿ ಅದನ್ನು ಇಳಿಸಿ ಸೆರಗಿನೊಳಗೆ ಇಟ್ಟುಕೊಂಡರು.

ಡಾಕ್ಟರು ನನಗೆ ಹೇಳಿದ್ದು ಇಷ್ಟು. ಬಿಗಿದ ಕಲೆಯನ್ನು ಅಡ್ಡಕ್ಕೆ ಕುಯ್ದು ಕೈ ಬಿಡಿಸುತ್ತಾರೆ. ಬಿಡಿಸಿದಾಗ ತೆರೆದುಕೊಳ್ಳುವ ಜಾಗಕ್ಕೆ ತೊಡೆಯಿಂದ ತೆಳುವಾಗಿ ಚರ್ಮ ತೆಗೆದು ಹೊದಿಸುತ್ತಾರೆ. ಪೂರ್ತಿ ನೇರವಾಗುತ್ತದೆಯೇ ಎಂದು ಕೇಳಿದೆ. "ಟೇಬಲ್ ಮೇಲೆ ನಾನು ತೆರೀತೀನಿ. ಅದು ತೆರೆದೇ ಇರುತ್ತಾ ಅನ್ನೋದು ನಿಮ್ಮ ಮನೇಲಿ ತೀರ್ಮಾನ ಆಗೋದು," ಎಂದರು. ಅವರು ಅದನ್ನು ಹೇಳುವಾಗ ನನ್ನನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದರು.

ಊಟಕ್ಕೆ ನಿಲ್ಲದೆ ಅತ್ತೆ ಗುಬ್ಬಿಗೆ ಹೊರಟರು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಹೊರಡುವ ಹೊತ್ತಿಗೆ ಒಂದೇ ಮಾತು ಹೇಳಿದರು.

"ಆ ದಿಂಬು ನಾನೇ ಹೊಲಿದಿದ್ದು."

ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ, ಆ ಪರೀಕ್ಷೆ, ಈ ಪರೀಕ್ಷೆ ಎಂದು ಆಸ್ಪತ್ರೆಯ ಬೆಂಚಿನಲ್ಲಿ ಬಹಳ ಕೂತೆ. ಅಲ್ಲಿ ಪರಿಚಯವಾದವನು ಸಿದ್ದರಾಜು. ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಬೋಂಡಾ, ಬಜ್ಜಿಯ ಅಂಗಡಿ ಇಟ್ಟವನು. ಕಾದ ಎಣ್ಣೆಗೆ ಬೆಂಕಿ ಹತ್ತಿ ಕುತ್ತಿಗೆ ಸುಟ್ಟುಕೊಂಡಿದ್ದ. ಗದ್ದ ಎದೆಯ ಕಡೆಗೆ ಎಳೆದುಕೊಂಡು ಕೂತಿತ್ತು. ನನ್ನನ್ನು ನೋಡಬೇಕಾದರೆ ಹುಬ್ಬು ಮೇಲೆತ್ತಿ, ಕಣ್ಣು ಮಾತ್ರ ಏರಿಸುತ್ತಿದ್ದ.

"ಒಂದ್ ಲಾಭ ಆಗೈತೆ ಅಣ್ಣ," ಅಂದ. "ಯಾವಾಗ್ಲೂ ತಲೆ ಬಗ್ಗಿಸ್ಕಂಡೇ ಇರ್ತೀನಲ್ಲ, ಜನ ನೋಡಿ ಎಂಥ ವಿನಯವಂತ ಅಂತಾರೆ. ಗಿರಾಕಿ ಜಾಸ್ತಿ ಆಗವ್ರೆ."

ಇದು ಅವನಿಗೆ ಎರಡನೇ ಸಲ. ಮೊದಲ ಸಲ ಬೇರೊಂದು ಆಸ್ಪತ್ರೆಯಲ್ಲಿ ಚರ್ಮ ಹಾಕಿ ಕುತ್ತಿಗೆ ಚೆನ್ನಾಗಿ ಬಿಡಿಸಿದ್ದರು. ತಿಂಗಳುಗಟ್ಟಲೆ ಹಾಕಿಕೊಳ್ಳಲು ಒಂದು ಗಟ್ಟಿ ಪಟ್ಟಿ ಕೊಟ್ಟಿದ್ದರು. ಒಲೆಯ ಮುಂದೆ ಬೆವರು, ಗಿರಾಕಿಗಳ ಪ್ರಶ್ನೆ, ಎರಡನ್ನೂ ತಡೆಯಲಾರದೆ ಅವನು ಅದನ್ನು ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿದ. ಕುತ್ತಿಗೆ ಮತ್ತೆ ಇಳಿಯಿತು.

"ಹೊಸ ಚರ್ಮಕ್ಕೂ ಹಳೇ ಚಾಳಿನೇ ಕಣಣ್ಣ. ಬುಟ್ರೆ ಮುದುರಿಕೊಳ್ತದೆ."

ನಾನು ಆವರೆಗೆ ಹೆದರಿದ್ದು ಆಪರೇಷನ್‌ಗೆ. ಆ ಬೆಂಚಿನಿಂದ ಎದ್ದಾಗ ಹೆದರಿಕೆ ಮನೆಗೆ ವರ್ಗವಾಗಿತ್ತು.

ಆಪರೇಷನ್ ದಿನ ನಡೆದದ್ದರಲ್ಲಿ ಒಂದು ಸಂಗತಿಯನ್ನು ನಾನು ಕಂಡವರಿಗೆಲ್ಲ ಹೇಳಿದ್ದೇನೆ. ಪೂರ್ತಿ ಮಂಪರು ಬೇಡ ಎಂದು ಕೈಗೊಂದು, ಸೊಂಟಕ್ಕೊಂದು ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರು. ಕೊಡುವಾಗ ನನ್ನ ಕೈ ಎಂದಿನಂತೆ ಎದೆಯ ಮೇಲಿತ್ತು. ಮುಖದ ಮುಂದೆ ಹಸಿರು ಬಟ್ಟೆಯ ಪರದೆ ಬಂತು. ಆಚೆ ಕಡೆ ಪಾತ್ರೆ ಪಡಗದ ಸದ್ದು, ಸಣ್ಣ ಮಾತುಕತೆ. ನೋವಿಲ್ಲ, ಮುಟ್ಟಿದ್ದೂ ತಿಳಿಯಲಿಲ್ಲ. ನಾನು ಕಾದೆ. ತುಂಬಾ ಹೊತ್ತು ಕಾದೆ.

"ಡಾಕ್ಟ್ರೇ, ಯಾವಾಗ ಶುರು ಮಾಡ್ತೀರ?"

"ಮುಗೀತಾ ಬಂತು. ನಿಮ್ಮ ಕೈ ನೇರವಾಗಿದೆ."

"ಇಲ್ಲ ಡಾಕ್ಟ್ರೇ, ಎದೆ ಮೇಲೇ ಇದೆ. ಮಡಚೇ ಇದೆ."

ಪರದೆಯ ಆಚೆ ಯಾರೋ ನಕ್ಕರು. ಡಾಕ್ಟರು ಏನೋ ಹೇಳಿದರು. ನರ್ಸ್ ಬಟ್ಟೆಯ ಪಕ್ಕದಿಂದ ಒಂದು ಅಂಗೈ ತೋರಿಸಿದರು. ನನ್ನ ಬಲಗಡೆ, ನನ್ನಿಂದ ಬಹಳ ದೂರದಲ್ಲಿ, ಒಂದು ಪಕ್ಕದ ಹಲಗೆಯ ತುದಿಯಲ್ಲಿ ಅದು ಮಲಗಿತ್ತು. ನಡುಬೆರಳಿನ ಮೇಲೆ ಪೆನ್ನು ಹಿಡಿದು ಹಿಡಿದು ಆದ ಗಂಟು. ನನ್ನದೇ ಕೈ. ಆದರೂ ಎದೆಯ ಮೇಲೆ ಮಡಚಿದ ಇನ್ನೊಂದು ಕೈ ಇರುವುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು, ಅದರ ಭಾರದ ಸಮೇತ. ಮರಗಟ್ಟುವ ಹೊತ್ತಿಗೆ ಕೈ ಎಲ್ಲಿತ್ತೋ ಅಲ್ಲೇ ಇದೆ ಎಂದು ತಲೆ ನಂಬಿಕೊಂಡಿರುತ್ತದೆ, ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಕಣ್ಣಾರೆ ಕಂಡದ್ದನ್ನು ಬರೆಯುವವನು ನಾನು. ಕಂಡದ್ದು ಒಂದು, ಗೊತ್ತಿರುವುದು ಇನ್ನೊಂದು ಆಗಿ ಎರಡೂ ನಿಜವೆಂದು ಅನ್ನಿಸಿದ್ದು ಅದೊಂದೇ ಸಲ.

ರಕ್ತನಾಳ, ನರಗಳೂ ಮಡಚಿಕೊಂಡೇ ಇದ್ದುದರಿಂದ ಒಂದೇ ಏಟಿಗೆ ಕೊನೆಯವರೆಗೆ ಎಳೆದಿಲ್ಲ, ಉಳಿದದ್ದನ್ನು ವ್ಯಾಯಾಮದಲ್ಲಿ ಗಳಿಸಬೇಕು ಎಂದರು. ಕೆಲವು ದಿನದ ಮೇಲೆ ಕಟ್ಟು ಬಿಚ್ಚುವಾಗ ಡಾಕ್ಟರು ತಲೆ ಬಗ್ಗಿಸಿ ಬಹಳ ಹೊತ್ತು ನೋಡಿದರು. ಹೊಸ ಚರ್ಮ ಆ ಜಾಗಕ್ಕೆ ಹತ್ತಿಕೊಳ್ಳಬೇಕು, ಹತ್ತದಿದ್ದರೆ ಮತ್ತೆ ಮೊದಲಿನಿಂದ. ಆ ಹೊತ್ತು ನಾನು ಅವರ ಹಣೆಯನ್ನು ನೋಡುತ್ತಿದ್ದೆ. ಸುಕ್ಕು ಬೀಳುತ್ತದೋ ಇಲ್ಲವೋ ಎಂದು. "ಹಿಡಿದಿದೆ," ಎಂದರು. ನಾನೂ ನೋಡಿದೆ. ಮೊಣಕೈಯಲ್ಲಿ ಬೇರೆ ಬಣ್ಣದ ತೇಪೆ. ಅಚ್ಚರಿಯೆಂದರೆ ಕೈಗಿಂತ ಚರ್ಮ ಕೊಟ್ಟ ತೊಡೆಯೇ ಹೆಚ್ಚು ಉರಿಯುತ್ತಿತ್ತು.

ವೀಣಾ ಅವತ್ತು ಶಾಲೆಯಿಂದ ಬರುವಾಗ ಕಪ್ಪು ಹಲಗೆಯ ಮೇಲೆ ಬಳಸುವ ಮರದ ದೊಡ್ಡ ಕೋನಮಾಪಕವನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಹಾಸಿಗೆಯ ಪಕ್ಕ ಕೂತು ನನ್ನ ಕೈಗೆ ಅದನ್ನು ಹಿಡಿದು ನೋಡಿದಳು. "ಪಾಸಾಗಿದೀರ. ಫಸ್ಟ್ ಕ್ಲಾಸ್ ಅಲ್ಲ," ಎಂದಳು. ಹೇಳಿದ ಮೇಲೆ ಕೋನಮಾಪಕದ ಹಿಂದೆ ಮುಖ ಮರೆಸಿಕೊಂಡಳು.

ನನ್ನನ್ನು ಮನೆಗೆ ಕಳಿಸುವ ದಿನ ಅತ್ತೆ ಗುಬ್ಬಿಯಿಂದ ಬಟ್ಟೆ ಚೀಲದೊಂದಿಗೆ ಬಂದರು. ಉಪ್ಪಾರಹಳ್ಳಿಯಲ್ಲಿ ನಮ್ಮ ಜೊತೆ ಇದ್ದು ನೋಡಿಕೊಳ್ಳುವುದಕ್ಕೆ. ಬೇಡ ಎಂದು ವೀಣಾ ಹೇಳಿ ನೋಡಿದ್ದಳು. ಡಾಕ್ಟರು ಹೇಳಿದ ಮಾತು ಅವಳ ಮನಸ್ಸಿನಲ್ಲಿತ್ತು. ಅತ್ತೆ ಕೇಳಲಿಲ್ಲ. ಮೊದಲು ಫಿಸಿಯೋಥೆರಪಿಯ ಕೋಣೆಗೆ ಹೋದೆವು. ಅಲ್ಲಿದ್ದ ನಯನಾ ಎಂಬ ಹುಡುಗಿ ಚಟಪಟ ಮಾತಿನವಳು. ಕೈಗೆ ಅಳತೆ ಮಾಡಿದ ಪಟ್ಟಿ ಹಾಕಿ ಕಟ್ಟಿ, ಅತ್ತೆಯ ಕಡೆ ತಿರುಗಿದಳು.

"ಅಮ್ಮ, ಈ ಪಟ್ಟಿ ನಾನು ಹೇಳೋವರೆಗೂ ಬಿಚ್ಚೋ ಹಾಗಿಲ್ಲ. ವ್ಯಾಯಾಮಕ್ಕೆ, ಊಟ ತಿಂಡಿಗೆ ಮಾತ್ರ ಬಿಚ್ಚೋದು. ಇನ್ನೊಂದು, ಬಿಚ್ಚಿದಾಗ ಇವರಿಗೆ ಏನೂ ಕೈಗೆ ಕೊಡ್ಬೇಡಿ. ನೀರು, ತಿಂಡಿ, ಫೋನು, ಎಲ್ಲಾ ದೂರ ಇಡಿ. ಅವರೇ ಕೈ ಚಾಚಿ ತಗೋಬೇಕು."

ಅತ್ತೆಗೆ ಮೊದಲನೆಯದು ಅರ್ಥವಾಯಿತು. ಎರಡನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು. "ಅಳಿಯಂದಿರಿಗೆ ನೀರಿನ ಲೋಟ ದೂರ ಕುಕ್ಕೋದಾ? ನೋಡ್ದೋರು ಏನಂತಾರವ್ವ?"

"ನೋಡ್ದೋರು ಕೈ ನೋಡ್ತಾರೆ ಬಿಡಿ ಅಮ್ಮ."

ಅತ್ತೆ ಚೀಲದೊಳಗೆ ಕೈ ಹಾಕಿ, ತೆಗೆಯಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಆ ಪುಟ್ಟ ದಿಂಬನ್ನು ಹೊರಗೆ ತೆಗೆದರು. ಒಗೆದು ಬಿಸಿಲಿಗೆ ಹಾಕಿ ತಂದಿದ್ದರು. "ಇದು ಬೇಡ ಅಲ್ವಾ?" ಎಂದರು, ಸಣ್ಣ ದನಿಯಲ್ಲಿ.

ನಯನಾಗೆ ಆ ದಿಂಬಿನ ಕಥೆ ಗೊತ್ತಿರಲಿಲ್ಲ. ಒತ್ತಿ ನೋಡಿದಳು. "ಅಯ್ಯೋ, ಬೇಕು! ಎಷ್ಟ್ ಚೆನ್ನಾಗಿದೆ." ನನ್ನನ್ನು ಮಲಗಿಸಿ ದಿಂಬನ್ನು ಮಣಿಕಟ್ಟಿನ ಕೆಳಗಿಟ್ಟಳು. ಮೊಣಕೈ ಕೆಳಗೆ ಏನೂ ಇಲ್ಲ. ಕೈಯ ಭಾರಕ್ಕೆ ಮೊಣಕೈ ತಾನಾಗಿ ಕೆಳಕ್ಕೆ, ನೇರಕ್ಕೆ ಇಳಿಯಿತು. "ವ್ಯಾಯಾಮ ಆದ್ಮೇಲೆ ಹೀಗೆ ಮಲಗ್ಸಿ ಅಮ್ಮ. ದಿಂಬು ಇಲ್ಲಿಗೆ, ಅಲ್ಲಿಗಲ್ಲ."

ಅತ್ತೆ ಬಗ್ಗಿ, ದಿಂಬು ಎಲ್ಲಿದೆ ಎಂದು ಎರಡು ಕಡೆಯಿಂದಲೂ ನೋಡಿಕೊಂಡರು.

ಮನೆಯಲ್ಲಿ ಲೋಟ ದೂರ ಇಡುವುದು ಶುರುವಾಯಿತು. ಇಟ್ಟು, ನಾನು ಕೈ ಚಾಚುವ ಹೊತ್ತಿಗೆ ಅತ್ತೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಕೆಲವು ಸಲ ಮನಸ್ಸು ತಡೆಯದೆ ಹೆಬ್ಬೆರಳಿನಿಂದ ಲೋಟವನ್ನು ಒಂದಿಷ್ಟು ಈಚೆ ತಳ್ಳುತ್ತಿದ್ದರು.

"ಅಮ್ಮಾ, ನೋಡ್ದೆ ನಾನು," ಎಂದು ವೀಣಾ ಅಡುಗೆಮನೆಯಿಂದಲೇ ಹೇಳುತ್ತಿದ್ದಳು.

"ಚೆಲ್ಲೋಗ್ತದೆ ಅಂತ ಸರಿಸ್ದೆ ಕಣೇ!"

ನಿಜವಾದ ಪರೀಕ್ಷೆ ಬಂದದ್ದು ಒಂದು ಮಧ್ಯಾಹ್ನ. ಸೆಕೆಗಾಲ. ವೀಣಾ ಶಾಲೆಯಲ್ಲಿದ್ದಳು. ಕೈಯಲ್ಲಿ ನವೆ ಎದ್ದಿತು. ಸುಟ್ಟ ಗಾಯದವರಿಗೆ ಈ ನವೆಯ ಬಗ್ಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ನೋವನ್ನು ಹಲ್ಲು ಕಚ್ಚಿ ತಡೆಯಬಹುದು. ನವೆ ಹಾಗಲ್ಲ, ಅದು ಬುದ್ಧಿಯನ್ನೇ ತಿನ್ನುತ್ತದೆ. ಪಟ್ಟಿಯೊಳಗೆ, ಬೆರಳು ಹೋಗದ ಜಾಗದಲ್ಲಿ, ಇರುವೆ ಸಾಲು ಹರಿದಾಡುತ್ತಿದ್ದ ಹಾಗಿತ್ತು. ಹೊಸ ಚರ್ಮ ಬೆವರುವುದಿಲ್ಲ, ಸುತ್ತಲಿನದು ಮಾತ್ರ ಬೆವರುತ್ತದೆ.

"ಅತ್ತೆ, ಒಂದು ಗಳಿಗೆ ಬಿಚ್ಚಿ. ಮತ್ತೆ ಕಟ್ಟೋಣ."

"ಆಗಲ್ಲ."

"ಒಂದೇ ಗಳಿಗೆ ಅಂದೆ."

"ಆ ಹುಡ್ಗಿ ಬ್ಯಾಡ ಅಂದವ್ಳೆ."

ನಾನೇ ಎಡಗೈಯಲ್ಲಿ ಕಟ್ಟಿನ ತುದಿ ಹುಡುಕಿ ಎಳೆಯತೊಡಗಿದೆ. ಅತ್ತೆ ಎದ್ದು ಬಂದು ನನ್ನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತುಬಿಟ್ಟರು. ಕೊಬ್ಬರಿ ಸುಲಿದ, ರಾಗಿ ಬೀಸಿದ ಕೈಗಳು. ಬಿಡಿಸಿಕೊಳ್ಳಲಾಗಲಿಲ್ಲ. ನಾನು ಗದರಿದೆ. ಬೇಡಿಕೊಂಡೆ. ಮತ್ತೆ ಗದರಿದೆ.

"ಬೈಕಳಿ. ಬಿಚ್ಚಕ್ಕೆ ಬುಡಲ್ಲ."

"ಹೋದ್ಸಲ ನೀವೇ ಬಿಚ್ಚಿದ್ರಲ್ಲ!"

ಅತ್ತೆ ಕೈ ಸಡಿಲಿಸಲಿಲ್ಲ.

"ಅದಕ್ಕೇ ಹಿಡ್ಕಂಡಿದೀನಿ," ಎಂದರು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ನವೆ ತಾನಾಗಿ ಇಳಿಯಿತು. ಅದು ಇಳಿಯುತ್ತದೆ ಎಂಬುದೇ ನನಗೆ ಆವರೆಗೆ ಗೊತ್ತಿರಲಿಲ್ಲ. ಅತ್ತೆ ಒಂದು ಕೈ ಬಿಟ್ಟು, ಪಕ್ಕದಲ್ಲಿದ್ದ ಪೇಪರಿನಿಂದ ನನ್ನ ತೋಳಿಗೆ ಗಾಳಿ ಹಾಕಿದರು. ಇನ್ನೊಂದು ಕೈ ನನ್ನ ಎಡಗೈ ಮೇಲೇ ಇತ್ತು. ಸಂಜೆ ವೀಣಾ ಬಂದು "ಏನಾದ್ರೂ ತೊಂದ್ರೆ ಆಯ್ತಾ?" ಎಂದು ಕೇಳಿದಾಗ ಇಬ್ಬರೂ ಏನಿಲ್ಲ ಎಂದೆವು.

ಆಮೇಲಿನ ತಿಂಗಳುಗಳಲ್ಲಿ ಹೇಳುವಂಥದ್ದು ಕಡಿಮೆ. ಎಣ್ಣೆ ಹಚ್ಚಿ ಉಜ್ಜುವುದು, ಚಾಚುವುದು, ಪಟ್ಟಿ. ಬರಬರುತ್ತ ಪಟ್ಟಿ ರಾತ್ರಿಗೆ ಮಾತ್ರ ಉಳಿಯಿತು. ಸಿದ್ದರಾಜುವಿನ ಆಪರೇಷನ್ ನನ್ನದಾದ ಮೇಲೆ ಆಯಿತು. ಒಂದು ದಿನ ಫೋನ್ ಮಾಡಿದ.

"ಅಣ್ಣ, ಅಂಗಡಿ ಮುಂದೆ ನಿಂತಿದೀನಿ. ಮೇಲೆ ನೋಡ್ತಾ ಇದೀನಿ. ಕುಣಿಗಲ್ ಬಸ್ ಸ್ಟ್ಯಾಂಡ್ ಮೇಲೆ ಇಷ್ಟೊಂದು ವೈರ್ ಅವೆ ಅಂತ ಗೊತ್ತೇ ಇರ್ಲಿಲ್ಲ ಕಣಣ್ಣ!"

"ಪಟ್ಟಿ ಎಲ್ಲಿ?"

"ಕುತ್ಗೇಲೇ ಐತೆ. ಗಿರಾಕಿ ಕೇಳಿದ್ರೆ ಹೊಸ ಫ್ಯಾಷನ್ ಅಂತೀನಿ."

ಮಳೆಗಾಲ ಮುಗಿಯುತ್ತಿದ್ದಂತೆ ನಾನು ಬೈಕು ಹೊರಗೆ ತೆಗೆದೆ. ಮೊದಲ ದಿನ ಹತ್ತಿರದ ಹಳ್ಳಿ ಕೋರದವರೆಗೆ ಹೋಗಿ ಟೀ ಕುಡಿದು ವಾಪಸ್ ಬಂದೆ. ಕೈ ಎಕ್ಸಲರೇಟರಿಗೆ ತಲುಪಿತು, ಎದೆ ತನ್ನ ಜಾಗದಲ್ಲೇ ಇತ್ತು. ಸಂಪಾದಕರು ನನ್ನ ಕೈಯನ್ನು ಒಮ್ಮೆ ಚಾಚಿಸಿ ನೋಡಿ, "ಸದ್ಯಕ್ಕೆ ಗುಬ್ಬಿ ತಗೋ. ಕುಣಿಗಲ್ ಆಮೇಲೆ ನೋಡೋಣ," ಎಂದರು. ರಾಜಣ್ಣ ಮೂಗು ಹಾಗೇ ಇದೆಯಲ್ಲ ಎಂದು ಬೇಸರ ಪಟ್ಟ.

ಕೈ ಪೂರ್ತಿ ನೇರವಾಗಿಲ್ಲ. ಕೊನೆಯಲ್ಲಿ ಸಣ್ಣದೊಂದು ಬಾಗು ಉಳಿದಿದೆ, ಗೊತ್ತಿದ್ದವರಿಗಷ್ಟೇ ಕಾಣುತ್ತದೆ. ಅದು ಹೋಗಬಹುದು, ಹೋಗದೆಯೂ ಇರಬಹುದು.

ದೀಪಾವಳಿಗೆ ಎಂದಿನಂತೆ ಗುಬ್ಬಿಯಿಂದ ಕರೆ ಬಂತು. ವೀಣಾಳನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲೇ ಹೋದೆ. ಅತ್ತೆ ಬಾಗಿಲಿಗೆ ಬಂದು ಬೈಕನ್ನು ನೋಡಿದರು, ಹ್ಯಾಂಡಲ್ ಮೇಲಿದ್ದ ನನ್ನ ಕೈಯನ್ನು ನೋಡಿದರು. "ಕಾಲು ತೊಳ್ಕಂಡು ಬನ್ನಿ," ಎಂದಷ್ಟೇ ಹೇಳಿ ಒಳಗೆ ಹೋದರು. ಹಿತ್ತಲಲ್ಲಿ ಒಲೆ ಹೂಡಿರಲಿಲ್ಲ. ಈ ಸಲ ಪಾಕ ಅಡುಗೆಮನೆಯ ಗ್ಯಾಸಿನ ಮೇಲೆ, ಸಣ್ಣ ಪಾತ್ರೆಯಲ್ಲಿ ಆಗಿತ್ತು. ಹದ ನೋಡಲೆಂದು ಹೊಸ್ತಿಲವರೆಗೆ ಹೋದವನನ್ನು ವೀಣಾ ಅಲ್ಲೇ ತಡೆದಳು.

ಊಟಕ್ಕೆ ಎಲೆ ಹಾಕಿದರು. ಪಕ್ಕದ ಮನೆಯ ಅಜ್ಜಿಯೂ ಬಂದು ಕೂತಿದ್ದರು. ಎಲೆಯಲ್ಲಿ ಪ್ರತಿಯೊಂದಕ್ಕೂ ಜಾಗವಿದೆ. ಸಿಹಿಯ ಜಾಗ ಉಣ್ಣುವವರ ಹತ್ತಿರ, ಕೆಳಗೆ ಬಲಗಡೆಗೆ. ಅತ್ತೆ ಅಜ್ಜಿಗೆ ಅಲ್ಲೇ ಬಡಿಸಿದರು. ನನ್ನ ಎಲೆಯ ಹತ್ತಿರ ಬಂದು, ಕಜ್ಜಾಯವನ್ನು ಆಚೆ ತುದಿಯಲ್ಲಿ, ಉಪ್ಪಿನಕಾಯಿಗಿಂತಲೂ ಅತ್ತ ಇಟ್ಟರು.

"ಗೌರಮ್ಮ, ಸಿಹಿ ಅಲ್ಲಿ ಬಡುಸ್ತಾರಾ? ಅದೂ ಅಳಿಯಂಗೆ?" ಎಂದರು ಅಜ್ಜಿ.

"ಈ ಮನೇಲಿ ಅಲ್ಲೇ ಬಡ್ಸೋದು," ಎಂದರು ಅತ್ತೆ.

ಬೆನ್ನು ಬಗ್ಗಿಸದೆ ಕೈ ಚಾಚಿದೆ. ಅನ್ನ ದಾಟಿತು, ಪಲ್ಯ ದಾಟಿತು, ಕೋಸಂಬರಿ ದಾಟಿತು. ಮೊಣಕೈಯಲ್ಲಿ ತೊಡೆಯ ಚರ್ಮ ಬಿಗಿಯಾಗಿ ಎಳೆಯಿತು. ಇನ್ನೊಂದು ಬೆರಳಿನಷ್ಟು ಉಳಿದಿತ್ತು. ಉಸಿರು ಬಿಟ್ಟು ಮತ್ತೆ ಚಾಚಿದೆ. ಕಜ್ಜಾಯದ ಅಂಚು ಬೆರಳ ತುದಿಗೆ ಸಿಕ್ಕಿತು. ಎಳೆದುಕೊಂಡು ಮುರಿದು ಬಾಯಿಗೆ ಹಾಕಿಕೊಂಡೆ. ತಲೆಯೆತ್ತಿದರೆ ಅತ್ತೆ ಕಜ್ಜಾಯದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಈ ಸಲ ಮುಖ ತಿರುಗಿಸಿರಲಿಲ್ಲ.

"ಇನ್ನೊಂದು ಹಾಕ್ಲಾ?"

"ಹಾಕಿ," ಎಂದೆ.

ಅವರು ಬಗ್ಗಿ, ಮೊದಲು ನನ್ನ ಎಲೆಯನ್ನು ಸ್ವಲ್ಪ ಆಚೆಗೆ ಎಳೆದರು.